ಲಿಂಗಸುಗೂರಿನಿಂದ ಸಿಂಧನೂರಿಗೆ: ಅರವತ್ತರ ವಿದ್ಯಾರ್ಥಿನಿಯೊಡನೆ

ಪ್ರತಿ ರವಿವಾರ ಬೆಳಗಿನ ಇಷ್ಟಲಿಂಗ ಪೂಜೆಯನ್ನು ತೀರಿಸಿಕೊಂಡು, ಡಬ್ಬಿಯಲ್ಲಿ ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಥರ್ಮಾಸಿನಲ್ಲಿ ಬಿಸಿನೀರು ಇಟ್ಟುಕೊಂಡು ನಾವಿಬ್ಬರೂ ಲಿಂಗಸುಗೂರಿನ ಬಸ್ ನಿಲ್ದಾಣಕ್ಕೆ ಬಂದು ನಿಲ್ಲುವುದು ಈಗ ಎರಡು ವರ್ಷಗಳ ರೂಢಿ. ಮಸ್ಕಿಯ ಮೇಲೆ ಹಾಯ್ದು ಸಿಂಧನೂರಿಗೆ ಹೋಗುವ ಬಸ್ಸು ಹತ್ತಿದೊಡನೆ ನಮ್ಮ ಮನೆಯವರು ಆಧಾರ್ ಕಾರ್ಡು ತೋರಿಸಿ ಶೂನ್ಯ ಮೊತ್ತದ ಟಿಕೆಟು ಪಡೆಯುತ್ತಾರೆ. ನಾವು ಹಣ ಕೊಟ್ಟು ಪಡೆಯುತ್ತೇವೆ. "ಕಲಿಯೋರಿಗೆ ಪುಕ್ಕಟೆ, ಕಾಯೋರಿಗೆ ರೊಕ್ಕ" ಎಂದು ಅವರು ನಗುವುದುಂಟು. ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾದದ್ದು 2023ರ ಜೂನ್ 11ರಂದು. ಅದೇ ವರ್ಷ ನಮ್ಮ ಮನೆಯವರು ಅರವತ್ತು ತುಂಬಿ ಪ್ರಾಥಮಿಕ ಶಾಲೆಯ ಶಿಕ್ಷಕಿಯ ಕಾಯಕದಿಂದ ನಿವೃತ್ತರಾದರು. ನಿವೃತ್ತಿಯ ಹೊಸತರಲ್ಲಿ ಶ್ರೀಶೈಲಕ್ಕೋ ಕಾಶಿಗೋ ಹೋಗಿಬರೋಣವೇ ಎಂದು ನಾವು ಕೇಳಿದಾಗ ಅವರು ಕೊಟ್ಟ ಉತ್ತರ ನಮ್ಮನ್ನು ಬೆರಗುಗೊಳಿಸಿತು. ಯಾತ್ರೆ ಆಮೇಲೆ ಆದೀತು, ತಮಗೆ ನಾಟಕದ ಹಾಡುಗಾರಿಕೆಯನ್ನು ಗುರುಮುಖದಿಂದ ಕ್ರಮವಾಗಿ ಕಲಿಯಬೇಕಾಗಿದೆ ಎಂದರು.

ಬೆರಗುಗೊಳಿಸಿತು ಎಂದು ಬರೆದುದು ಪೂರ್ತಿ ನಿಜವಲ್ಲ. ಆ ಆಸೆ ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ಅವರ ತಂದೆಯವರು ನಾಟಕದ ಹುಚ್ಚಿನವರು. ಜಾತ್ರೆಗೆ ಕಂಪನಿ ಬಂದು ಡೇರೆ ಹೊಡೆಯಿತೆಂದರೆ ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೋಗುತ್ತಿದ್ದರು. ಆದರೆ ಅದೇ ಮಗಳು ಹನ್ನೆರಡರ ವಯಸ್ಸಿನಲ್ಲಿ ಬೀಗರ ಮುಂದೆ ಕಂಪನಿಯ ಹಾಡೊಂದನ್ನು ಹಾಡಿದಾಗ ಗದರಿಸಿ ಒಳಗೆ ಕಳಿಸಿದರಂತೆ. ಮಠದಲ್ಲಿ ವಚನ ಹಾಡಿದರೆ ಮೆಚ್ಚುಗೆ, ಅದೇ ಕಂಠದಿಂದ, ಅದೇ ರಾಗದಲ್ಲಿ ನಾಟಕದ ಪದ ಹಾಡಿದರೆ ಅವಮಾನ. ನಮ್ಮ ಮನೆತನಗಳಲ್ಲಿ ಇದು ಬಹುಕಾಲ ನಡೆದುಬಂತು. ಮುಂದೆ 1990ರ ಬೇಸಿಗೆಯಲ್ಲಿ ಶಿಕ್ಷಕರಿಗಾಗಿ ನಡೆಯಲಿದ್ದ ಒಂದು ರಂಗ ತರಬೇತಿ ಶಿಬಿರಕ್ಕೆ ಹೋಗಲು ಅವರು ಅರ್ಜಿ ತುಂಬಿ ನಮ್ಮ ಮುಂದೆ ಇಟ್ಟರು. "ಹುಡುಗರು ದೊಡ್ಡವರಾಗಲಿ" ಎಂದೆವು. ಆ ಅರ್ಜಿ ಎಲ್ಲಿ ಹೋಯಿತೋ, ಅದರ ಮಾತು ಮತ್ತೆ ಮೂವತ್ತಮೂರು ವರ್ಷ ಮನೆಯಲ್ಲಿ ಬರಲಿಲ್ಲ. ಹುಡುಗರು ದೊಡ್ಡವರಾಗಿ, ಅವರಿಗೂ ಹುಡುಗರಾದವು.

ಮೊದಲು ನಾವು ದೊಡ್ಡ ಶಾಲೆಗಳ ವಿಚಾರ ಮಾಡಿದೆವು. ಶ್ರೀ ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭಿಸಿದ ನೀನಾಸಮ್ ರಂಗಶಿಕ್ಷಣ ಕೇಂದ್ರ ನಾಡಿಗೆಲ್ಲ ಗೊತ್ತಿದೆ. ಸಾಣೇಹಳ್ಳಿಯಲ್ಲಿ ಪೂಜ್ಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ಶಿವಸಂಚಾರವೆಂಬ ತಿರುಗಾಟದ ತಂಡ ಕಟ್ಟಿದರು, 2008ರಲ್ಲಿ ರಂಗಪ್ರಯೋಗ ಶಾಲೆಯನ್ನೂ ತೆರೆದರು. ಮಠವೊಂದು ನಾಟಕವನ್ನು ಪಾಠಶಾಲೆಯಷ್ಟೇ ಗೌರವದಿಂದ ನಡೆಸುವುದನ್ನು ನಮ್ಮ ಮನೆಯವರ ತಂದೆಯವರು ನೋಡಿದ್ದರೆ ಏನೆನ್ನುತ್ತಿದ್ದರೋ. ಆದರೆ ಇಂಥ ಶಾಲೆಗಳು ಅಲ್ಲಿಯೇ ಉಳಿದು, ನಸುಕಿನಿಂದ ರಾತ್ರಿಯವರೆಗೆ ಮೈಬಗ್ಗಿಸಿ ದುಡಿಯುವ ತರುಣರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಮೊಣಕಾಲು ನೋವಿನ ಗುಳಿಗೆ, ರಕ್ತದೊತ್ತಡದ ಗುಳಿಗೆ, ಸಂಜೆ ಶಾಲೆಯಿಂದ ಬರುವ ಮೊಮ್ಮಗ, ಇವೆಲ್ಲವನ್ನೂ ಬಿಟ್ಟು ವರ್ಷಗಟ್ಟಲೆ ಹೊರಡುವುದು ಹೇಗೆ? ಕೊನೆಗೆ ಪರಿಚಿತರೊಬ್ಬರು ಸಿಂಧನೂರಿನ ಪೇಟಿ ಮಾಸ್ತರರ ಹೆಸರು ಹೇಳಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ನಲವತ್ತು ವರ್ಷ ಹಳ್ಳಿ ನಾಟಕಗಳಿಗೆ ತಾಲೀಮು ಕೊಟ್ಟವರು, ಈಗ ಮನೆಯ ಪಡಸಾಲೆಯಲ್ಲಿ ಪಾಠ ಹೇಳುವವರು.

ಹೀಗೆ ಆರಂಭವಾಯಿತು ನಮ್ಮ ರವಿವಾರದ ಪ್ರಯಾಣ. ಲಿಂಗಸುಗೂರು ಹಿಂದೆ ದಂಡಿನ ಛಾವಣಿಯಾಗಿದ್ದ ಊರು. ನಿಜಾಮರ ಆಳ್ವಿಕೆಯಲ್ಲಿ 1905ರವರೆಗೆ ಜಿಲ್ಲಾ ಕೇಂದ್ರವೂ ಆಗಿತ್ತು. ಇಂದಿನವರಿಗೆ ಹಟ್ಟಿ ಚಿನ್ನದ ಗಣಿಯ ತಾಲೂಕು ಎಂದರೆ ಬೇಗ ಗೊತ್ತಾಗುತ್ತದೆ. ಊರು ದಾಟಿದ ಮೇಲೆ ಎರಡೂ ಬದಿಗೆ ಎರೆಹೊಲ. ತೊಗರಿ, ಜೋಳ, ಹತ್ತಿ, ಸೂರ್ಯಕಾಂತಿ, ಆಯಾ ಕಾಲಕ್ಕೆ ಆಯಾ ಬಣ್ಣ. ಈ ಹಳ್ಳಿಗಳಲ್ಲಿ ದೊಡ್ಡಾಟವಾಗಲಿ ನಾಟಕವಾಗಲಿ ಆಡದ ಊರು ವಿರಳ. ಅದಕ್ಕೊಂದು ಕಾರಣವುಂಟು. 1948ರ ಸೆಪ್ಟೆಂಬರಿನವರೆಗೆ ಇಲ್ಲಿ ಸರಕಾರದ ಭಾಷೆ ಉರ್ದು, ಮೇಲಿನ ಶಿಕ್ಷಣವೂ ಉರ್ದುವಿನಲ್ಲಿಯೇ. ಕನ್ನಡವನ್ನು ತುಂಬುಬಾಯಿಂದ ಆಡಿ ಕೇಳುವ ಸ್ಥಳಗಳೆಂದರೆ ಮಠದ ಪುರಾಣ, ಭಜನೆಯ ಕಟ್ಟೆ, ಆಟದ ಅಟ್ಟ. ಅಕ್ಷರ ಬಾರದವರು ಸಹ ಪಾತ್ರ ಮಾಡುವುದಕ್ಕಾಗಿ ಮಾತುಗಳನ್ನು ಬಾಯಿಪಾಠ ಮಾಡಿಕೊಂಡರು. ತಾಲೀಮಿನ ಮನೆಯೇ ನಮ್ಮ ಭಾಗದಲ್ಲಿ ವಯಸ್ಕರ ಶಾಲೆಯಾಗಿತ್ತು ಎಂದರೆ ತಪ್ಪಾಗಲಾರದು. ಹಗಲು ಹೊಲದಲ್ಲಿ ದುಡಿದವರು ರಾತ್ರಿ ಪೇಟಿಯ ಮುಂದೆ ಕುಳಿತು ಮೂರು ನಾಲ್ಕು ತಿಂಗಳು ಕಲಿಯುತ್ತಿದ್ದರು. ಅಲ್ಲಿ ಇಪ್ಪತ್ತರವನೂ ಐವತ್ತರವನೂ ಒಂದೇ ಚಾಪೆ.

ಹೊಲದ ನಡುವೆ ಹೆಬ್ಬಂಡೆಗಳು ಕಾಣತೊಡಗಿದರೆ ಮಸ್ಕಿ ಬಂತೆಂದು ತಿಳಿಯಬೇಕು. ಹಿಂದೆ ಲಿಂಗಸುಗೂರು ತಾಲೂಕಿನಲ್ಲಿದ್ದ ಈ ಊರು ಈಗ ತಾನೇ ತಾಲೂಕು ಕೇಂದ್ರ. ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಗುಡಿ. ಬಸ್ಸು ನಿಂತಾಗ ನಮ್ಮ ಮನೆಯವರು ಕಿಟಕಿಯಿಂದಲೇ ಕೈಮುಗಿಯುತ್ತಾರೆ. ಮೊದಲ ವರ್ಷದ ಒಂದು ರವಿವಾರ ಮಾಸ್ತರರಿಗೆ ಜ್ವರವೆಂದು ದೂರವಾಣಿ ಬಂದಾಗ ನಾವು ಮಸ್ಕಿಯಲ್ಲಿಯೇ ಇಳಿದು ಅಶೋಕನ ಶಾಸನ ನೋಡಿಬಂದೆವು. ಇಷ್ಟು ಹತ್ತಿರ ಇದ್ದೂ ಅಲ್ಲಿಯವರೆಗೆ ನೋಡಿರಲಿಲ್ಲವೆಂಬುದನ್ನು ಸಂಕೋಚದಿಂದಲೇ ಹೇಳಬೇಕು.

1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನದ ಅದಿರು ಹುಡುಕುತ್ತ ಬಂದಾಗ ಕಣ್ಣಿಗೆ ಬಿದ್ದ ಬರಹವದು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಅಲ್ಲಿಯವರೆಗೆ ದೊರೆತ ಶಾಸನಗಳಲ್ಲಿ ಅರಸನಿಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಕಾಣಿಸಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಂ ಶಾಸನಗಳಲ್ಲಿಯೂ ಆ ಹೆಸರು ದೊರೆಯಿತು. ಇವೆಲ್ಲ ಶಾಲೆಯ ಪುಸ್ತಕದಲ್ಲಿ ಇದ್ದದ್ದೇ, ನಮ್ಮ ಮನೆಯವರು ಮೂರು ದಶಕ ಮಕ್ಕಳಿಗೆ ಹೇಳಿಕೊಟ್ಟದ್ದೇ. ಆದರೆ ಒಳಗಿನ ಮಾತು ಅಷ್ಟಾಗಿ ಹೇಳಿಕೊಡುವುದಿಲ್ಲ. ತಾನು ಬುದ್ಧನ ಮಾರ್ಗಕ್ಕೆ ಬಂದು ಎರಡೂವರೆ ವರ್ಷಕ್ಕೂ ಮೇಲಾಯಿತು, ನಿಜವಾದ ಉತ್ಸಾಹದಿಂದ ಶ್ರಮಿಸತೊಡಗಿದ್ದು ಸಂಘದ ಬಳಿಗೆ ಹೋದ ಮೇಲೆಯೇ ಎಂದು ಚಕ್ರವರ್ತಿ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಇದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಸಣ್ಣವರೂ ಸಾಧಿಸಬಲ್ಲರು ಎಂಬುದು ಅದರ ಮುಂದಿನ ತಾತ್ಪರ್ಯ. "ಅಂದರ ಅರಸನೂ ತಡಮಾಡಿಯೇ ಅಭ್ಯಾಸಕ್ಕ ಕುಂತಾನ" ಎಂದರು ನಮ್ಮ ಮನೆಯವರು. ಆ ದಿನ ಬೆಟ್ಟ ಹತ್ತಲು ಮೊಣಕಾಲು ಒಪ್ಪಲಿಲ್ಲ. ಕೆಳಗೆ ಕುಳಿತು ರೊಟ್ಟಿ ಉಂಡು ಮರಳಿದೆವು.

ಮಸ್ಕಿಯಿಂದ ಸಿಂಧನೂರಿನ ಕಡೆಗೆ ಸಾಗಿದಂತೆ ಎರೆಯ ಕಪ್ಪು ಕರಗಿ ಭತ್ತದ ಹಸಿರು ಎದುರಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಈ ನೆಲದ ಚಹರೆಯನ್ನೇ ಬದಲಿಸಿತು. ಅಕ್ಕಿ ಗಿರಣಿಗಳು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು, ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳು, ಒಂದೇ ಸಂತೆಯಲ್ಲಿ ಮೂರು ಭಾಷೆ. 2024ರ ಆಗಸ್ಟಿನಲ್ಲಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಬಸ್ಸಿನಲ್ಲಿ ವಾರಗಟ್ಟಲೆ ಬೇರೆ ಮಾತೇ ಇರಲಿಲ್ಲ. ಅದೇ ವರ್ಷ ಸಿಂಧನೂರಿಗೆ ರೈಲೂ ಬಂದಿತು. ಆದರೆ ನಮ್ಮ ದಾರಿಗೆ ಬಸ್ಸೇ ಗತಿ.

ಮಾಸ್ತರರ ಪಡಸಾಲೆಯಲ್ಲಿ ಮೊದಲ ದಿನ ನಡೆದುದನ್ನು ಮರೆಯುವಂತಿಲ್ಲ. ಅಲ್ಲಿ ಹನ್ನೊಂದು ಮಕ್ಕಳು, ಎಲ್ಲರೂ ಹದಿನೈದರ ಒಳಗಿನವರು, ಚಾಪೆಯ ಮೇಲೆ ಕುಳಿತಿದ್ದರು. ನಮ್ಮ ಮನೆಯವರನ್ನು ಕಂಡೊಡನೆ ಎಲ್ಲರೂ ಎದ್ದು ನಿಂತು "ನಮಸ್ತೇ ಟೀಚರ್" ಎಂದರು. ಹೊಸ ಶಿಕ್ಷಕಿ ಬಂದರೆಂದು ಅವರ ಎಣಿಕೆ. ಮಾಸ್ತರರು ನಕ್ಕು, "ಅಕ್ಕೋರ, ನೀವೂ ಕೆಳಗ ಕುಂದರ್ರಿ" ಎಂದರು. ಕುರ್ಚಿ ಕೊಡಲಿಲ್ಲ. ಆ ಕೆಳಗೆ ಕೂಡುವ ಗಳಿಗೆಯಲ್ಲಿ ನಮ್ಮ ಮನೆಯವರ ಮುಖ ಕೆಂಪೇರಿದ್ದನ್ನು ನಾವು ಬಾಗಿಲಲ್ಲಿ ನಿಂತು ಕಂಡೆವು.

ಅವರು ಹುಡುಗಿಯಾಗಿದ್ದಾಗ ಪೇಟಿಯ ನಾಲ್ಕನೆಯ ಕರಿಮನೆಯನ್ನು ಷಡ್ಜವಾಗಿ ಹಿಡಿದು ಹಾಡುತ್ತಿದ್ದರಂತೆ. ಆ ಅಭಿಮಾನದಿಂದಲೇ ಅಲ್ಲಿಂದ ಎತ್ತಿಕೊಂಡರು. ತಾರಷಡ್ಜದ ಹತ್ತಿರ ಹೋದಾಗ ಧ್ವನಿ ಬಿರಿಯಿತು. ಮಕ್ಕಳು ತುಟಿ ಕಚ್ಚಿಕೊಂಡು ನಗು ತಡೆದವು. ಮಾಸ್ತರರು ಏನೂ ಹೇಳದೆ ಮೂರನೆಯ ಕರಿಮನೆಗೆ ಇಳಿಸಿದರು. ವಯಸ್ಸಾದಂತೆ ಹೆಣ್ಣುಮಕ್ಕಳ ಧ್ವನಿ ಕೆಳಗಿಳಿಯುವುದು ದೇಹದ ಧರ್ಮ. ಗಂಟಲ ತಂತುಗಳು ದಪ್ಪಗಾಗುತ್ತವೆ, ಉಸಿರು ಮೊಟಕಾಗುತ್ತದೆ. ಆದರೆ ಇಳಿದ ಧ್ವನಿಯೂ ಧ್ವನಿಯೇ. ಅದರ ಒಳಗೆ ಮನೆ ಮಾಡಿಕೊಳ್ಳಬೇಕು ಎಂಬುದನ್ನು ಒಪ್ಪಲು ಅವರಿಗೆ ಆರು ತಿಂಗಳು ಬೇಕಾಯಿತು. ಇನ್ನೊಂದು ತೊಡಕು ಕಟ್ಟಿಸಿದ ಎರಡು ಹಲ್ಲುಗಳದ್ದು. ಸಕಾರ ಬಂದಾಗಲೆಲ್ಲ ಸಣ್ಣ ಸಿಳ್ಳು. ನಾಟಕದ ಹಾಡಿನಲ್ಲಿ ಅಕ್ಷರ ಮಸುಕಾದರೆ ಕೆಲಸ ಕೆಟ್ಟಂತೆ. ಬೈಠಕ್ಕಿನ ಗಾಯಕರು ರಾಗವನ್ನು ಅರಳಿಸಿದರೆ ಸಾಕು, ರಂಗದ ಮೇಲಿನವರು ಹಿಂದಿನ ಸಾಲಿನ ಅಜ್ಜಿಗೂ ಮಾತು ಮುಟ್ಟಿಸಬೇಕು. ಕನ್ನಡಿಯ ಮುಂದೆ ಸಕಾರವನ್ನು ತಿದ್ದಿಕೊಳ್ಳುತ್ತ ಅವರು ಕಳೆದ ಬೆಳಗುಗಳನ್ನು ಎಣಿಸಲಾಗದು.

ಟಿಪ್ಪಣಿ ಪುಸ್ತಕವನ್ನು ಮಾಸ್ತರರು ಮುಟ್ಟಗೊಡಲಿಲ್ಲ. ಮೂರು ದಶಕ ಫಲಕದ ಮೇಲೆ ಬರೆದು ಕಲಿಸಿದವರಿಗೆ ಬರೆಯದೆ ಕಲಿಯುವುದೇ ದೊಡ್ಡ ಶಿಕ್ಷೆ. ಮೊದಲು ಮಂದ್ರದಲ್ಲಿ ಸ್ವರ ನಿಲ್ಲಿಸುವುದು, ಆಮೇಲೆ ಪಲ್ಟೆಗಳು, ಆಮೇಲೆ ಭೂಪ, ದುರ್ಗಾ. ಎಂಟು ತಿಂಗಳಾದ ಮೇಲೆ ಮೊದಲ ರಂಗಗೀತೆ. ಅಲ್ಲಿ ತಿಳಿದ ಸಂಗತಿಯೊಂದನ್ನು ಓದುಗ ಬಂಧುಗಳಿಗೆ ಹೇಳಲೇಬೇಕು. ನಾವು ಇಷ್ಟು ವರ್ಷ ನಾಟಕ ನೋಡಿಯೂ ಗಮನಿಸಿರಲಿಲ್ಲ. ಪಾತ್ರ ಮಾತಾಡುತ್ತ ಮಾತಾಡುತ್ತ ಹಾಡಿಗೆ ಜಾರುವುದಷ್ಟೆ, ಅದರಲ್ಲೇನು ಎಂದುಕೊಂಡಿದ್ದೆವು. ಆ ಮಾತಿನ ಕೊನೆಯ ಶಬ್ದ ಹಾಡಿನ ಮೊದಲ ಸ್ವರದ ಹತ್ತಿರ ಬಂದು ನಿಂತಿರಬೇಕು. ಪೇಟಿಯವರು ಅದನ್ನು ಕಾದು ಹಿಡಿಯುತ್ತಾರೆ. ಮಾತು ಮುಗಿಸಿ, ಉಸಿರು ತೆಗೆದುಕೊಂಡು, ಶ್ರುತಿ ಕೇಳಿ ಹಾಡಲು ತೊಡಗಿದರೆ ಪಾತ್ರ ಸತ್ತುಹೋಗಿ ಗಾಯಕಿ ಮಾತ್ರ ಉಳಿಯುತ್ತಾಳೆ. ಒಂದೇ ವಾಕ್ಯವನ್ನು ಮಾಸ್ತರರು ನಲವತ್ತು ಸಲ ಹೇಳಿಸಿದ ರವಿವಾರವುಂಟು. ಈಗ ಹಲವೆಡೆ ಮುದ್ರಿಸಿದ ಸಂಗೀತ ಹಚ್ಚಿ ನಾಟಕ ಆಡುತ್ತಾರೆ. ಯಂತ್ರ ಯಾರಿಗಾಗಿಯೂ ಕಾಯುವುದಿಲ್ಲ, ಹೀಗಾಗಿ ಈ ಜಾರುವಿಕೆಯೇ ಅಲ್ಲಿ ಇಲ್ಲ. ನಮ್ಮ ಮಟ್ಟಿಗೆ ಅದು ನಾಟಕದ ಅರ್ಧ ಜೀವ ಹೋದಂತೆ.

ವಿರಾಮದಲ್ಲಿ ಚಹಾ ಕುಡಿಯುತ್ತ ಮಾಸ್ತರರು ಪುಣ್ಯಾಶ್ರಮದ ಮಾತು ತೆಗೆಯುತ್ತಿದ್ದರು. ಲಿಂ. ಹಾನಗಲ್ಲ ಕುಮಾರ ಸ್ವಾಮಿಗಳು ಕಣ್ಣಿಲ್ಲದ ಬಾಲಕನೊಬ್ಬನ ಕಂಠವನ್ನು ಗುರುತಿಸಿ ಸಂಗೀತ ಕಲಿಸದೆ ಹೋಗಿದ್ದರೆ ಉಭಯ ಗಾನ ವಿಶಾರದ ಲಿಂ. ಪಂಚಾಕ್ಷರಿ ಗವಾಯಿಗಳು (1892–1944) ನಾಡಿಗೆ ದೊರೆಯುತ್ತಿರಲಿಲ್ಲ. ಅಂಧ, ಅನಾಥ, ಬಡ ಮಕ್ಕಳನ್ನು ಜಾತಿ ಕೇಳದೆ ಕೂಡಿಸಿಕೊಂಡು, ಅವರ ಪ್ರಸಾದಕ್ಕಾಗಿ ಊರೂರು ಅಲೆದ ಗವಾಯಿಗಳು ನಾಟಕ ಕಂಪನಿಯನ್ನೂ ನಡೆಸಿದರು. ಲಿಂ. ಪುಟ್ಟರಾಜ ಗವಾಯಿಗಳು (1914–2010) ಅದಕ್ಕಾಗಿ ನಾಟಕಗಳನ್ನೇ ಬರೆದರು, ಸಂಗೀತ ಕೂಡಿಸಿದರು. ನಾಟಕದ ಗಳಿಕೆಯಿಂದ ದಾಸೋಹ ನಡೆಯಿತು, ಸಂಗೀತ ಶಾಲೆ ನಡೆಯಿತು. ರಂಗಭೂಮಿಯನ್ನು ಹಗುರವಾಗಿ ಕಾಣುವ ನಮ್ಮ ಹಿರಿಯರು ಈ ಲೆಕ್ಕವನ್ನು ಯಾಕೆ ಮರೆತರೋ ತಿಳಿಯದು. ವಯಸ್ಸಿನ ಮಾತು ಬಂದಾಗ ಮಾಸ್ತರರು ಮಲ್ಲಿಕಾರ್ಜುನ ಮನಸೂರರನ್ನು ನೆನೆಯುತ್ತಿದ್ದರು. ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ನಾಟಕ ಮಂಡಳಿಯಲ್ಲಿದ್ದು, ನೀಲಕಂಠಬುವಾ ಅವರಲ್ಲಿ ಕಲಿತು, ಗ್ರಾಮಫೋನ್ ತಟ್ಟೆಗಳಿಂದ ಹೆಸರಾದ ಮೇಲೂ ಮನಸೂರರು 1935ರಲ್ಲಿ ಮಂಜಿಖಾನರ ಮುಂದೆ ಹೊಸ ಶಿಷ್ಯನಂತೆ ಕುಳಿತರು. "ಅಲ್ರೀ, ಅವರಿಗಾಗ ಇಪ್ಪತ್ತೈದೂ ತುಂಬಿರಲಿಲ್ಲ" ಎಂದು ನಮ್ಮ ಮನೆಯವರು ಸಾಧಿಸಿದರೆ, "ಹೆಸರು ಬಂದ ಮ್ಯಾಲೆ ಕೆಳಗ ಕುಂದರೂದು ಅರವತ್ತರಾಗ ಕುಂತಂಗನ" ಎಂಬುದು ಮಾಸ್ತರರ ಉತ್ತರ.

ಎರಡನೆಯ ವರ್ಷ ಅವರು ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕ ಪರೀಕ್ಷೆಗೆ ಕುಳಿತರು. ಹತ್ತು ವರ್ಷದ ಹುಡುಗಿಯ ಹಿಂದಿನ ಸರದಿ. ತೇರ್ಗಡೆಯಾದರು. ಅದರ ಬಗ್ಗೆ ಇಷ್ಟು ಸಾಕು.

ನಿಜವಾದ ಪರೀಕ್ಷೆ ಬಂದದ್ದು ಬೇರೆ. ಮಸ್ಕಿಯ ಬಳಿಯ ಹಳ್ಳಿಯೊಂದರ ಜಾತ್ರೆಗೆ ಅಲ್ಲಿಯ ತರುಣರು ಹೇಮರೆಡ್ಡಿ ಮಲ್ಲಮ್ಮನ ನಾಟಕ ಆಡಲು ನಿಶ್ಚಯಿಸಿ, ತಾಲೀಮಿಗೆ ನಮ್ಮ ಮಾಸ್ತರರನ್ನು ಕರೆದರು. ನಮ್ಮ ಮನೆಯವರು ಅಷ್ಟರಲ್ಲಿ ಮಲ್ಲಮ್ಮನ ಮೂರು ಹಾಡುಗಳನ್ನು ಗಟ್ಟಿ ಮಾಡಿದ್ದರು. ಆದರೆ ಮಲ್ಲಮ್ಮನ ಪಾತ್ರಕ್ಕೆ ರೂಢಿಯಂತೆ ಹೊರಗಿನಿಂದ ಹರೆಯದ ಕಲಾವಿದೆಯೊಬ್ಬರನ್ನು ಕರೆಸಿದ್ದರು. ತರುಣರು ವಿನಯದಿಂದಲೇ ಕೇಳಿದರು: "ಅಕ್ಕೋರ, ನೀವು ಅತ್ತಿ ಪಾರ್ಟ ಮಾಡ್ರಿ." ಸೊಸೆಯನ್ನು ಕಾಡುವ ಅತ್ತೆ. ಆ ಪಾತ್ರಕ್ಕೆ ಬೈಗುಳ ಬಹಳ, ಹಾಡು ಒಂದೂ ಇಲ್ಲ.

ಸಿಂಧನೂರಿನಿಂದ ಮಸ್ಕಿಯವರೆಗೆ ಅವರು ಮಾತಾಡಲಿಲ್ಲ. ಬೆಟ್ಟ ಕಂಡಾಗ ಎಂದಿನಂತೆ ಕೈಮುಗಿದರು. ನಾವು, ಒಲ್ಲೆನೆಂದು ಹೇಳಿಬಿಡಿ, ಯಾರ ಹಂಗೇನು ಎಂದೆವು. ಅವರು ನಮ್ಮತ್ತ ತಿರುಗಿ, "ತೊಂಬತ್ತರಾಗ ನೀವು ಒಲ್ಲೆ ಅಂದ್ರಿ. ಈಗ ನಾನು ಅನ್ಬೇಕೇನ್ರಿ?" ಎಂದರು. ಆ ಅರ್ಜಿಯ ವಿಚಾರವನ್ನು ಅವರು ಎತ್ತಿದ್ದು ಅದೇ ಮೊದಲು. ನಮ್ಮಲ್ಲಿ ಉತ್ತರವಿರಲಿಲ್ಲ. ಲಿಂಗಸುಗೂರು ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕುಳಿತೆವು.

ಮುಂದಿನ ವಾರ ಅವರು ಮಾಸ್ತರರ ಮುಂದೆ ಒಂದೇ ಕರಾರು ಇಟ್ಟರು: ಅತ್ತೆಗೂ ಒಂದು ಹಾಡು ಬೇಕು. ಮಾಸ್ತರರು ಎರಡು ದಿನ ವಿಚಾರ ಮಾಡಿ, ಕೊನೆಯ ಅಂಕದಲ್ಲಿ ಅತ್ತೆ ಸೊಸೆಯ ಭಕ್ತಿಯನ್ನು ಕಂಡು ಮೆತ್ತಗಾಗುವ ಸಂದರ್ಭಕ್ಕೆ ಪಲ್ಲವಿ, ಎರಡು ಚರಣಗಳನ್ನು ತಾವೇ ಹೊಂದಿಸಿ ಭೀಮಪಲಾಸದಲ್ಲಿ ಕೂಡಿಸಿಕೊಟ್ಟರು. ಇತ್ತ ಬಂಧುಗಳಲ್ಲಿ ಸಣ್ಣ ಗದ್ದಲವೇ ಎದ್ದಿತು. ಈ ವಯಸ್ಸಿನಲ್ಲಿ ಬಣ್ಣ ಹಚ್ಚಿಕೊಳ್ಳುವುದೇ ಎಂದು ನಮ್ಮ ಹಿರಿಯಣ್ಣನವರು ತಿಂಗಳವರೆಗೆ ನಮ್ಮೊಡನೆ ಮಾತು ಬಿಟ್ಟರು. ಮಗನು ಬೆಂಗಳೂರಿನಿಂದ ದೂರವಾಣಿ ಮಾಡಿ ರಾತ್ರಿ ನಿದ್ದೆಗೆಟ್ಟರೆ ರಕ್ತದೊತ್ತಡದ ಗತಿಯೇನೆಂದು ಕೇಳಿದ. ಸೊಸೆ ಮಾತ್ರ ಮೊಮ್ಮಗನನ್ನು ಕರೆದುಕೊಂಡು ಬಂದುಬಿಟ್ಟಳು.

ತೇರು ಎಳೆದ ರಾತ್ರಿ ಹತ್ತೂವರೆಗೆ ನಾಂದಿಯಾಯಿತು. ಬಣ್ಣದ ಕೋಣೆಯೆಂದರೆ ಶಾಲೆಯ ಒಂದು ವರ್ಗ. ನಮ್ಮ ಮನೆಯವರು ಮೊದಲು ವಿಭೂತಿ ಧರಿಸಿ, ಅದರ ಮೇಲೆ ಬಣ್ಣ ಹಚ್ಚಿಸಿಕೊಂಡರು. ಅತ್ತೆಯ ಬೈಗುಳಕ್ಕೆ ಜನ ಚಪ್ಪಾಳೆ ತಟ್ಟಿತು. ಮುಂದೆ ಕುಳಿತಿದ್ದ ಹೆಣ್ಣುಮಗಳೊಬ್ಬಳು ಆ ಅತ್ತೆಗೆ ಪ್ರತಿಯಾಗಿ ಶಾಪ ಹಾಕಿದ್ದನ್ನೂ ಕೇಳಿದೆವು. ಕೊನೆಯ ಅಂಕ ಬಂದಾಗ ನಸುಕಿನ ನಾಲ್ಕು ಗಂಟೆ. ಮಾತು ಹಾಡಿಗೆ ಜಾರಿತು, ಎಲ್ಲಿ ಜಾರಿತೆಂದು ನಮಗೂ ತಿಳಿಯಲಿಲ್ಲ. ಪಲ್ಲವಿ, ಮೊದಲ ಚರಣ ನೆಟ್ಟಗೆ ಬಂದವು. ಎರಡನೆಯ ಚರಣದ ಬಾಯಿಗೆ ಬಂದು ಅವರು ನಿಂತರು. ಮರೆತಿತ್ತು.

ಪೇಟಿ ಪಂಚಮವನ್ನು ಹಿಡಿದೇ ಇತ್ತು. ತಬಲಾ ಒಂದು ಆವರ್ತನ ನಡೆಯಿತು, ಇನ್ನೊಂದು ನಡೆಯಿತು. ಮಾಸ್ತರರು ತಲೆ ಎತ್ತಲಿಲ್ಲ, ಸಾಲನ್ನು ಪಿಸುಗುಟ್ಟಲೂ ಇಲ್ಲ. ಮಲ್ಲಮ್ಮನ ಪಾತ್ರದ ಆ ಹುಡುಗಿ, ಅವಳ ಜಾಣತನವನ್ನು ಮೆಚ್ಚಬೇಕು, ಬಾಗಿ ಅತ್ತೆಯ ಕಾಲು ಮುಟ್ಟಿದಳು. ಮೂರನೆಯ ಆವರ್ತನದ ಸಮಕ್ಕೆ ಸಾಲು ಬಂದಿತು, ಮಸುಕಾಗಿ, ಆದರೆ ಅಕ್ಷರ ಅಕ್ಷರವೂ ಕೇಳುವಂತೆ. ಆ ನಿಲುಗಡೆ ಪಾತ್ರದ್ದೇ ಎಂದು ಜನ ತಿಳಿದರು. ಒನ್ಸ್ ಮೋರ್ ಯಾರೂ ಕೂಗಲಿಲ್ಲ. ನಮ್ಮ ಪಕ್ಕದಲ್ಲಿದ್ದ ಮೊಮ್ಮಗ ನಿದ್ದೆ ಹೋಗಿದ್ದ, ಸ್ವೆಟರಿನ ತೋಳಿನಿಂದ ನಾವು ಮುಖ ಒರೆಸಿಕೊಂಡದ್ದನ್ನು ಸೊಸೆ ಕಂಡೂ ಕಾಣದಂತೆ ಇದ್ದಳು.

ಮುಂದಿನ ರವಿವಾರ ವಿಶ್ರಾಂತಿ ಪಡೆಯಿರಿ ಎಂದು ಹೇಳಿ ನೋಡಿದೆವು. ಕೇಳಲಿಲ್ಲ. ಎಂದಿನ ಬಸ್ಸು, ಎಂದಿನ ಶೂನ್ಯ ಟಿಕೆಟು. ಪಡಸಾಲೆಯಲ್ಲಿ ಮಕ್ಕಳು ಸರಿದು ಜಾಗ ಕೊಟ್ಟವು. ಮಾಸ್ತರರು ನಾಟಕದ ಸುದ್ದಿಯನ್ನೇ ಎತ್ತದೆ ಪೇಟಿಯ ತಿದಿಯನ್ನು ಸಡಲಿಸಿ, "ಎರಡನೇ ಚರಣ, ಇಪ್ಪತ್ತು ಸಲ" ಎಂದರು. ನಾವು ಹೊರಗೆ ಬೇವಿನ ಕಟ್ಟೆಯ ಮೇಲೆ ಪತ್ರಿಕೆ ಬಿಡಿಸಿಕೊಂಡು ಕುಳಿತು ಎಣಿಸತೊಡಗಿದೆವು. ಹದಿನಾಲ್ಕನೆಯ ಸಲಕ್ಕೆ ಸಕಾರದ ಸಿಳ್ಳು ಕೇಳಿಸಲಿಲ್ಲ.